ಕೌದಿ ಡಿಸ್ಕು

ನಮ್ಮ ಮನೆಯಲ್ಲೊಂದು ಗುಂಡಿ ಡಬ್ಬಿ ಇದೆ. ಒಂದು ಕಾಲಕ್ಕೆ ಬಿಸ್ಕತ್ತು ಹೊತ್ತು ಬಂದಿದ್ದ ತಗಡಿನ ಡಬ್ಬಿ. ಅಂಗಿ ಹರಿದು ನೆಲ ಒರೆಸುವ ಬಟ್ಟೆಯಾಗಿ ಬಡ್ತಿ ಪಡೆಯುವ ಮೊದಲು ಅದರ ಗುಂಡಿಗಳನ್ನು ಕತ್ತರಿಸಿ ಇದರಲ್ಲಿ ಹಾಕಿಡುವುದು ನಮ್ಮಮ್ಮನ ಕಾಲದಿಂದ ನಡೆದುಬಂದ ಪದ್ಧತಿ. ಇಷ್ಟು ವರ್ಷಗಳಲ್ಲಿ ಆ ಡಬ್ಬಿಯ ಒಂದೇ ಒಂದು ಗುಂಡಿ ಮರಳಿ ಅಂಗಿ ಏರಿದ್ದನ್ನು ನಾನಂತೂ ಕಂಡಿಲ್ಲ. ನಾಲ್ಕು ತೂತಿನದು ಬೇಕಾದಾಗ ಡಬ್ಬಿಯಲ್ಲಿ ಎರಡು ತೂತಿನದಿರುತ್ತದೆ, ಬಿಳಿ ಬೇಕಾದಾಗ ಕೆನೆಬಣ್ಣದ್ದು. ಆದರೂ ಎಸೆಯುವ ಮಾತೆತ್ತಿದರೆ ಮನೆಯಲ್ಲಿ ಯಾರೂ ಒಪ್ಪುವುದಿಲ್ಲ, ನಾನೂ ಸೇರಿ.

ಈ ಡಬ್ಬಿಗೆ ಮೆಮೊರಿ ಕಾರ್ಡುಗಳು ಯಾವಾಗ ಬಂದು ಸೇರಿಕೊಂಡವೋ ತಿಳಿಯದು. ಆಕಾರದಲ್ಲಿ ಗುಂಡಿಗಳಿಗೆ ದೂರದ ನೆಂಟರು, ಸ್ವಭಾವದಲ್ಲಿ ಸ್ವಂತ ಅಣ್ಣತಮ್ಮಂದಿರು. ಅಂಗಿ ಹೋದರೂ ಗುಂಡಿ ಉಳಿಯುವಂತೆ ಮೊಬೈಲು ಹೋದರೂ ಕಾರ್ಡು ಉಳಿಯುತ್ತದೆ. ಕ್ಯಾಮೆರಾದ ಜೊತೆ ಪುಕ್ಕಟೆ ಬಂದ ೧೬ ಎಂಬಿಯದು (ಹನ್ನೆರಡು ಫೋಟೋ ತೆಗೆದರೆ ಹೊಟ್ಟೆ ತುಂಬಿತೆಂದು ಕೈ ಅಡ್ಡ ಹಿಡಿಯುತ್ತಿತ್ತು), ಒಂದು ೫೧೨, ಮೂರು ೪ ಜಿಬಿಯವು, ಮತ್ತೆ ಮದುವೆ ಫೋಟೋ ತೆಗೆಯುವ ಗೆಳೆಯನೊಬ್ಬ ಹೊಸ ಕ್ಯಾಮೆರಾ ಕೊಂಡಾಗ ‘ಇಟ್ಕೋ’ ಎಂದು ಕೊಟ್ಟ ಬೆಂಕಿಪೊಟ್ಟಣದಗಲದ ಒಂದು ಕಾಂಪ್ಯಾಕ್ಟ್ ಫ್ಲ್ಯಾಶ್, ಅದೂ ೪ ಜಿಬಿ.

ಇದು ೨೦೧೧ರ ಮಾತು. ಆ ವರ್ಷ ಧಾರವಾಡದಿಂದ ನಮ್ಮ ಅತ್ತೆ, ಎಂದರೆ ಅಪ್ಪನ ತಂಗಿ, ಕಣ್ಣಿನ ಆಪರೇಷನ್ನಿಗೆಂದು ಬಂದು ಎರಡು ತಿಂಗಳು ನಮ್ಮಲ್ಲಿದ್ದರು. ಒಂದು ಕಣ್ಣು ಆಗಿತ್ತು, ಇನ್ನೊಂದು ಬಾಕಿ. ಆಗಿದ್ದ ಕಣ್ಣಿನ ಭರವಸೆಯ ಮೇಲೆ ಹಾಲಿನಲ್ಲಿ ಹಳೆಯ ಸೀರೆಗಳನ್ನು ಹರಡಿಕೊಂಡು ಕೌದಿ ಹೊಲಿಯಲು ಕೂತಿದ್ದರು. ದಾರ ಹುಡುಕಲು ಗುಂಡಿ ಡಬ್ಬಿ ಬಗ್ಗಿಸಿದಾಗ ಕಾರ್ಡುಗಳು ಜಾರಿ ನೆಲದ ಮೇಲೆ ಸಾಲಾಗಿ ಬಿದ್ದವು. “ಇವ ಏನೋ? ಇವಕ್ಕ ತೂತೇ ಇಲ್ಲಲ್ಲೋ” ಎಂದರು ಅತ್ತೆ.

ಒಂದು ಕಡೆ ಚಿಂದಿ ಸೇರಿ ಹೊದಿಕೆಯಾಗುತ್ತಿತ್ತು, ಇನ್ನೊಂದು ಕಡೆ ಕಾರ್ಡುಗಳು ಬಿದ್ದಿದ್ದವು. ನನ್ನ ತಲೆಗೆ ಹುಳ ಹೊಕ್ಕಿದ್ದು ಆ ಕ್ಷಣದಲ್ಲೇ. ಆಗಿನ ದಿನಗಳಲ್ಲಿ ಎಸ್‌ಎಸ್‌ಡಿ ಎಂಬುದು ದೊಡ್ಡವರ ಮನೆಯ ವಸ್ತು. ತಿರುಗುವ ತಟ್ಟೆಯಿಲ್ಲದ, ಸದ್ದಿಲ್ಲದ, ಕಣ್ಣು ಮಿಟುಕಿಸುವುದರಲ್ಲಿ ಕಂಪ್ಯೂಟರು ಎಬ್ಬಿಸುವ ಡಿಸ್ಕು. ನನ್ನ ಹಳೆಯ ಲ್ಯಾಪ್‌ಟಾಪಿನ ೪೦ ಜಿಬಿ ಹಾರ್ಡ್ ಡಿಸ್ಕು ಬೆಳಿಗ್ಗೆ ಏಳುವಾಗ ಅಜ್ಜನ ಹಾಗೆ ಮೊದಲು ಕೆಮ್ಮಿ, ಆಮೇಲೆ ನರಳಿ, ಆಮೇಲೆ ಏಳುತ್ತಿತ್ತು. ಎಸ್‌ಎಸ್‌ಡಿಯ ಹೊಟ್ಟೆಯಲ್ಲಿರುವುದೂ ಫ್ಲ್ಯಾಶ್ ಮೆಮೊರಿ, ಈ ಕಾರ್ಡುಗಳ ಹೊಟ್ಟೆಯಲ್ಲಿರುವುದೂ ಫ್ಲ್ಯಾಶ್ ಮೆಮೊರಿ. ಹಾಗಾದರೆ ಇವನ್ನೇ ಹೊಲಿದು ಒಂದು ಡಿಸ್ಕು ಮಾಡಿದರೇನು?

ಹುಳ ಹೊಕ್ಕವನು ಮೊದಲು ಮಾಡುವ ಕೆಲಸ ಓದುವುದು. ಓದುತ್ತಿರುವಷ್ಟು ಹೊತ್ತು ಕೆಲಸ ಶುರುವಾಗಿದೆ ಎಂಬ ನೆಮ್ಮದಿ ಇರುತ್ತದೆ, ಖರ್ಚೂ ಇಲ್ಲ. ಫ್ಲ್ಯಾಶ್ ಎಂದರೆ ವೇಗಕ್ಕೆ ಇಟ್ಟ ಹೆಸರು ಎಂದೇ ನಾನು ಅಲ್ಲಿಯವರೆಗೂ ತಿಳಿದಿದ್ದೆ. ಅಲ್ಲವಂತೆ. ಜಪಾನಿನ ತೋಶಿಬಾದಲ್ಲಿದ್ದ ಫುಜಿಯೋ ಮಸುವೊಕಾ ಎಂಬ ಎಂಜಿನಿಯರು ೧೯೮೪ರಲ್ಲಿ ಇದನ್ನು ಲೋಕದ ಮುಂದಿಟ್ಟಾಗ, ಇದರ ಕೋಶಗಳೆಲ್ಲ ಒಟ್ಟೊಟ್ಟಿಗೆ ಅಳಿಸಿಹೋಗುವುದನ್ನು ಕಂಡ ಸಹೋದ್ಯೋಗಿಗೆ ಕ್ಯಾಮೆರಾದ ಫ್ಲ್ಯಾಶ್ ನೆನಪಾಯಿತಂತೆ. ಜ್ಞಾಪಕಶಕ್ತಿಯನ್ನೇ ಕಸುಬು ಮಾಡಿಕೊಂಡ ವಸ್ತುವಿಗೆ ಮರೆಯುವ ಗುಣದಿಂದ ಹೆಸರು ಬಂದದ್ದು ತಮಾಷೆಯಾಗಿ ಕಂಡಿತು. ಕಾರ್ಡುಗಳಲ್ಲಿರುವ ನ್ಯಾಂಡ್ ಎಂಬ ತಳಿಯನ್ನೂ ಅವರೇ ೧೯೮೭ರಲ್ಲಿ ತಂದರು. ಲೋಕವೆಲ್ಲ ಅದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡತೊಡಗಿದ ಮೇಲೆ, ೨೦೦೪ರಲ್ಲಿ, ತನಗೆ ಸಲ್ಲಬೇಕಾದದ್ದು ಸಂದಿಲ್ಲ ಎಂದು ಅವರು ಹಳೆಯ ಯಜಮಾನರ ಮೇಲೆ ದಾವೆ ಹೂಡಿ, ೨೦೦೬ರಲ್ಲಿ ೮ ಕೋಟಿ ೭೦ ಲಕ್ಷ ಯೆನ್‌ಗೆ ರಾಜಿಯಾದರು. ಕೇಳಿದ್ದು ೧೦೦ ಕೋಟಿ.

ಅದಕ್ಕೂ ಹಿಂದಿನ ಕಥೆ ಇನ್ನೂ ಸೊಗಸು. ೧೯೬೭ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸಿನಲ್ಲಿ ಡಾವೊನ್ ಕಾಂಗ್ ಮತ್ತು ಸೈಮನ್ ಝೀ ಎಂಬಿಬ್ಬರು ಊಟ ಮುಗಿಸಿ ಚೀಸ್‌ಕೇಕು ತಿನ್ನುತ್ತಿದ್ದರಂತೆ. ಪದರದ ಮೇಲೆ ಪದರವಿದ್ದ ಆ ಕೇಕನ್ನು ನೋಡಿ, ಟ್ರಾನ್ಸಿಸ್ಟರಿನ ನಡುವೆಯೂ ಹೀಗೊಂದು ಪದರ ಇಟ್ಟರೆ ಹೇಗೆ ಎಂಬ ಯೋಚನೆ ಹುಟ್ಟಿತಂತೆ. ಸುತ್ತ ವಿದ್ಯುತ್ ಹರಿಯದ ಗೋಡೆ, ನಡುವೆ ತೇಲುವ ಒಂದು ಪದರ. ಒಳಗೆ ಎಲೆಕ್ಟ್ರಾನುಗಳನ್ನು ಒಮ್ಮೆ ಕೂಡಿಹಾಕಿದರೆ ಕರೆಂಟು ಹೋದರೂ ಅವು ಅಲ್ಲೇ. ಅದೇ ನೆನಪು. ನಮ್ಮ ಕಡೆಯ ಮದುವೆಯ ಚಿರೋಟಿ ತಿಂದಿದ್ದರೆ ಅವರಿಗೆ ಇನ್ನೂ ಎಷ್ಟು ಪದರ ಹೊಳೆಯುತ್ತಿತ್ತೋ ಎಂದು ನಾನು ಅತ್ತೆಗೆ ಹೇಳಿದೆ. “ಸಕ್ಕರಿ ಉದುರಿಸಿದ್ರ ಹೆಂಗ ಮಾಡತಿದ್ರು?” ಎಂದು ಅತ್ತೆ ಕೇಳಿದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಈ ಗೋಡೆಯ ವಿಷಯವನ್ನು ಸ್ವಲ್ಪ ನಿಂತು ನೋಡಬೇಕು. ಎಲೆಕ್ಟ್ರಾನುಗಳು ಒಳಹೋಗಲು, ಹೊರಬರಲು ಬಾಗಿಲಿಲ್ಲ. ಜೋರಾದ ವೋಲ್ಟೇಜು ಕೊಟ್ಟು ಗೋಡೆಯ ಮೂಲಕವೇ ನುಗ್ಗಿಸಬೇಕು. ಪಕ್ಕದ ಮನೆಯ ಕಾಂಪೌಂಡು ಹಾರಿ ಮಾವಿನಕಾಯಿ ಕದಿಯುವ ಹುಡುಗರನ್ನು ನೆನೆಯಿರಿ: ಒಂದೊಂದು ಸಲ ಹಾರಿದಾಗಲೂ ಚೂರು ಗಾರೆ ಉದುರುತ್ತದೆ. ಒಂದು ಕೋಶದಲ್ಲಿ ಒಂದೇ ಬಿಟ್ ಇಡುವ ದುಬಾರಿ ಫ್ಲ್ಯಾಶು ಲಕ್ಷ ಸಲ ಹಾರಿದರೂ ತಡೆಯುತ್ತದೆ. ಎರಡು ಬಿಟ್ ಇಡುವುದು ಕೆಲವು ಸಾವಿರದಿಂದ ಹತ್ತು ಸಾವಿರ. ಮೂರು ಬಿಟ್ ತುರುಕುವ ಅಗ್ಗದ್ದು ಸಾವಿರದ ಆಸುಪಾಸು. ಆಮೇಲೆ ಗೋಡೆ ಇದ್ದೂ ಇಲ್ಲ. ಕ್ಯಾಮೆರಾದಲ್ಲಿ ಕೂತ ಕಾರ್ಡಿಗೆ ಸಾವಿರ ಸಲ ತುಂಬಿ ಖಾಲಿಯಾಗಲು ಒಂದು ಆಯುಷ್ಯ ಬೇಕು. ಕಂಪ್ಯೂಟರಿನೊಳಗೆ ಕೂತರೆ? ಆ ಪ್ರಶ್ನೆಯನ್ನು ನಾನು ಆಗ ಕೇಳಿಕೊಳ್ಳಲಿಲ್ಲ. ಕೇಳಿಕೊಂಡಿದ್ದರೆ ಈ ಹರಟೆಯೇ ಇರುತ್ತಿರಲಿಲ್ಲ.

ಶನಿವಾರ ಎಸ್.ಪಿ. ರೋಡಿಗೆ ಹೋದೆ. ಸಾದರ ಪತ್ರಪ್ಪ ರಸ್ತೆ ಎಂದರೆ ಬೆಂಗಳೂರಿನವರೇ ಒಂದು ಕ್ಷಣ ತಡವರಿಸುತ್ತಾರೆ, ಎಸ್.ಪಿ. ರೋಡ್ ಎಂದರೆ ಹುಡುಗರ ಕಣ್ಣು ಹೊಳೆಯುತ್ತದೆ. ಟೌನ್ ಹಾಲಿನ ಆಚೆಗೆ, ನಟ್ಟು ಬೋಲ್ಟು ಬೇರಿಂಗುಗಳ ಪಕ್ಕದಲ್ಲೇ ಮದರ್‌ಬೋರ್ಡು ಮಾರುವ ಬೀದಿ ಅದು. ಅಲ್ಲಿ ‘ಇಲ್ಲ’ ಎಂಬ ಮಾತಿಲ್ಲ, ‘ಐದು ನಿಮಿಷ ಕೂತ್ಕೊಳಿ ಸಾರ್’ ಎಂಬ ಮಾತಿದೆ. ಹುಡುಗನೊಬ್ಬ ಓಡಿಹೋಗಿ ಇನ್ಯಾವುದೋ ಸಂದಿಯಿಂದ ನಿಮಗೆ ಬೇಕಾದ್ದನ್ನು ತರುತ್ತಾನೆ. ನನಗೆ ತಂದುಕೊಟ್ಟಿದ್ದು ಅಂಗೈಯಲ್ಲಿ ಅರ್ಧ ತುಂಬುವ ಒಂದು ಹಸಿರು ಹಲಗೆ. ಒಂದು ಕಡೆ ೫೦ ಸೂಜಿ, ಅಲ್ಲಿ ಕಾಂಪ್ಯಾಕ್ಟ್ ಫ್ಲ್ಯಾಶ್ ಸಿಕ್ಕಿಸಬೇಕು. ಇನ್ನೊಂದು ಕಡೆ ಲ್ಯಾಪ್‌ಟಾಪಿನ ಐಡಿಇ ಡಿಸ್ಕಿಗೆ ಇರುವಂಥದೇ ೪೪ ಪಿನ್ನುಗಳ ಬಾಯಿ. “ಗ್ಯಾರಂಟಿ?” ಎಂದೆ. “ಗ್ಯಾರಂಟಿ ಇಲ್ಲ, ವಾರಂಟಿ ಇಲ್ಲ, ಬಿಲ್ಲೂ ಇಲ್ಲ. ಆದ್ರೆ ಓಡುತ್ತೆ ಸಾರ್” ಎಂದರು ಅಂಗಡಿಯವರು. ಇಷ್ಟು ಪ್ರಾಮಾಣಿಕವಾದ ಮಾತನ್ನು ದೊಡ್ಡ ಅಂಗಡಿಗಳಲ್ಲಿ ನಾನು ಕೇಳಿಲ್ಲ.

ಬಸ್ಸಿನಲ್ಲಿ ಕೂತು ಆ ಹಲಗೆಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ಅದರ ಮೇಲೆ ಒಂದೂ ಚಿಪ್ಪಿಲ್ಲ! ಬರೀ ತಾಮ್ರದ ಗೆರೆಗಳು, ಇಲ್ಲಿಯ ಪಿನ್ನಿನಿಂದ ಅಲ್ಲಿಯ ಪಿನ್ನಿಗೆ. ಮೋಸ ಹೋದೆನೇ ಎಂದುಕೊಂಡೆ. ಆದರೆ ಗುಟ್ಟು ಇದ್ದದ್ದು ಕಾರ್ಡಿನಲ್ಲಿ. ೧೯೯೪ರಲ್ಲಿ ಸ್ಯಾನ್‌ಡಿಸ್ಕ್ ಕಾಂಪ್ಯಾಕ್ಟ್ ಫ್ಲ್ಯಾಶನ್ನು ತಂದಾಗಲೇ ಅದಕ್ಕೆ ಹಾರ್ಡ್ ಡಿಸ್ಕಿನ ಭಾಷೆ ಕಲಿಸಿ ಕಳಿಸಿತ್ತು. ಕರೆಂಟು ಕೊಡುವ ಹೊತ್ತಿಗೆ ೯ನೇ ಪಿನ್ನನ್ನು ಗ್ರೌಂಡಿಗೆ ಕಟ್ಟಿದ್ದರೆ ಸಾಕು, ಕಾರ್ಡು ತನ್ನ ಕ್ಯಾಮೆರಾ ವೇಷ ಕಳಚಿ ‘ನಾನೊಂದು ಐಡಿಇ ಡಿಸ್ಕು’ ಎಂದು ಎದ್ದು ನಿಲ್ಲುತ್ತದೆ. ಬಣ್ಣದ ಮನೆಯಲ್ಲಿ ಕಿರೀಟ ಇಟ್ಟ ತಕ್ಷಣ ಮೇಷ್ಟ್ರು ರಾವಣನಾಗುವ ಹಾಗೆ.

ಈ ಸ್ಯಾನ್‌ಡಿಸ್ಕಿಗೂ ಒಂದು ಅಡ್ಡಕಥೆ ಇದೆ. ೧೯೮೮ರಲ್ಲಿ ಎಲಿ ಹರಾರಿ, ಜ್ಯಾಕ್ ಯುವಾನ್ ಮತ್ತು ನಮ್ಮ ಕಾನ್ಪುರದವರೇ ಆದ ಸಂಜಯ್ ಮೆಹ್ರೋತ್ರಾ ಸೇರಿ ಕಟ್ಟಿದಾಗ ಅದರ ಹೆಸರು ಸನ್‌ಡಿಸ್ಕ್. ೧೯೯೧ರಲ್ಲಿ ಅವರು ಐಬಿಎಂಗೆ ಫ್ಲ್ಯಾಶಿನಿಂದ ಮಾಡಿದ ಡಿಸ್ಕೊಂದನ್ನು ಕೊಟ್ಟರು. ಅಳತೆ ೨೦ ಎಂಬಿ, ಬೆಲೆ ಸಾವಿರ ಡಾಲರಿನ ಹತ್ತಿರ. ನನ್ನ ಗುಂಡಿ ಡಬ್ಬಿಯ ಪುಕ್ಕಟೆ ಕಾರ್ಡು ೧೬ ಎಂಬಿ. ಇಪ್ಪತ್ತೇ ವರ್ಷದಲ್ಲಿ ಸಾವಿರ ಡಾಲರಿನ ವಸ್ತು ಗುಂಡಿಗಳ ನಡುವೆ ಬಂದು ಬಿದ್ದಿತ್ತು.

ಹಾಗೆಯೇ, ಕಾರ್ಡಿನ ವೇಷದಲ್ಲಿ ಡಿಸ್ಕು ಹೊಕ್ಕ ಉಲ್ಟಾ ಕಥೆಯೂ ಉಂಟು. ೧೯೯೯ರಲ್ಲಿ ಐಬಿಎಂ ಮೈಕ್ರೋಡ್ರೈವ್ ಎಂಬುದನ್ನು ಮಾಡಿತು: ಕಾಂಪ್ಯಾಕ್ಟ್ ಫ್ಲ್ಯಾಶಿನ ಗೂಡಿಗೆ ಹೊಂದುವ, ಒಳಗೆ ಒಂದಂಗುಲದ ತಟ್ಟೆ ನಿಜವಾಗಿ ಗಿರಗಿರ ತಿರುಗುವ ಹಾರ್ಡ್ ಡಿಸ್ಕು. ೨೦೦೪ರ ಹೊತ್ತಿಗೆ ೪ ಜಿಬಿಯ ಅಂಥ ಡ್ರೈವನ್ನು ಬಿಡಿಯಾಗಿ ಕೊಳ್ಳುವುದಕ್ಕಿಂತ, ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದ ಕ್ರಿಯೇಟಿವ್ ಕಂಪನಿಯ ಮ್ಯೂವೋ ಎಂಬ ಹಾಡಿನ ಪೆಟ್ಟಿಗೆಯೇ ಅಗ್ಗವಾಗಿತ್ತು. ಫೋಟೋ ತೆಗೆಯುವವರು ಪೆಟ್ಟಿಗೆ ಕೊಂಡು, ಬಗೆದು, ಡ್ರೈವನ್ನು ಕ್ಯಾಮೆರಾಕ್ಕೆ ಹಾಕಿಕೊಂಡು, ಸಿಪ್ಪೆ ಎಸೆದರು. ಐಪಾಡ್ ಮಿನಿಯ ಒಳಗೂ ಇದೇ ಬಗೆಯ ಡ್ರೈವು. ಮುಂದೆ ಅದು ಸತ್ತಾಗ ಜನ ಆ ಜಾಗಕ್ಕೆ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡು ಸಿಕ್ಕಿಸಿದರು, ಪೆಟ್ಟಿಗೆಗೆ ಮರುಜನ್ಮ ಬಂತು. ಇವತ್ತಿಗೂ ಹಳೆಯ ಐಪಾಡುಗಳ ಹೊಟ್ಟೆಗೆ ನಾಲ್ಕು ನಾಲ್ಕು ಮೈಕ್ರೋ ಎಸ್‌ಡಿ ಕಾರ್ಡು ಹಿಡಿಯುವ ಹಲಗೆ ಕೂರಿಸಿ ಹಾಡು ಕೇಳುವ ಭಕ್ತರಿದ್ದಾರೆ. ಅಂದರೆ ಈ ಹುಚ್ಚು ನನ್ನೊಬ್ಬನದಲ್ಲ ಎಂದು ಹೆಂಡತಿಗೆ ತೋರಿಸಲು ನನ್ನಲ್ಲಿ ಪುರಾವೆಗಳಿದ್ದವು.

ಸರಿ, ಲ್ಯಾಪ್‌ಟಾಪಿನ ತಳ ಬಿಚ್ಚಿ, ಕೆಮ್ಮುವ ಅಜ್ಜನನ್ನು ಹೊರಗೆ ಕೂರಿಸಿ, ಹಸಿರು ಹಲಗೆಯ ಮೇಲೆ ಕಾರ್ಡು ಕೂರಿಸಿ, ವಿಂಡೋಸ್ ಎಕ್ಸ್‌ಪಿ ಹಾಕಿದೆ. ಹಾಕುವುದಕ್ಕೇ ಮಧ್ಯಾಹ್ನ ಹೋಗಿ ಸಂಜೆಯಾಯಿತು. ಅದೇ ಮೊದಲ ಅಪಶಕುನ. ಆದರೆ ಹಾಕಿದ ಮೇಲೆ! ಗುಂಡಿ ಒತ್ತಿದರೆ ಸದ್ದಿಲ್ಲ, ನಡುಕವಿಲ್ಲ, ಪರದೆ ತಟಕ್ಕನೆ ಎದ್ದಿತು. ಹಳೆಯ ಡಿಸ್ಕಿನಲ್ಲಿ ಮುಳ್ಳು ಸರಿಯಾದ ಜಾಗಕ್ಕೆ ಸರಿದು, ತಟ್ಟೆ ತಿರುಗಿ ಬರುವವರೆಗೆ ಕಾಯಲು ಪ್ರತಿ ಸಲವೂ ಇಪ್ಪತ್ತು ಮಿಲಿಸೆಕೆಂಡು ಬೇಕಿತ್ತು. ಕಾರ್ಡಿನಲ್ಲಿ ಸರಿಯುವ ಮುಳ್ಳೂ ಇಲ್ಲ, ತಿರುಗುವ ತಟ್ಟೆಯೂ ಇಲ್ಲ. ಮನೆಯವರನ್ನೆಲ್ಲ ಕರೆದು ಮೂರು ಸಲ ಆರಿಸಿ ಹೊತ್ತಿಸಿ ತೋರಿಸಿದೆ. ಮೂರನೆಯ ಸಲಕ್ಕೆ ಹೆಂಡತಿ ಒಲೆಯ ಮೇಲೆ ಹಾಲಿಟ್ಟಿದ್ದೇನೆಂದು ಎದ್ದುಹೋದಳು.

ಸಮಸ್ಯೆ ಶುರುವಾದದ್ದು ಕೆಲಸ ಶುರುಮಾಡಿದ ಮೇಲೆ. ಒಂದು ಪುಟ ಟೈಪು ಮಾಡುತ್ತಿದ್ದೆ. ಇದ್ದಕ್ಕಿದ್ದಂತೆ ಎಲ್ಲವೂ ನಿಂತುಹೋಯಿತು. ಇಲಿ ಸರಿಯದು, ಅಕ್ಷರ ಮೂಡದು, ಗಡಿಯಾರದ ನಿಮಿಷ ಬದಲಾಗದು. ಎಂಟು, ಹತ್ತು ಸೆಕೆಂಡು. ಆಮೇಲೆ ಏನೂ ಆಗಿಲ್ಲವೆಂಬಂತೆ ನಾನು ಒತ್ತಿದ್ದ ಅಕ್ಷರಗಳೆಲ್ಲ ಒಟ್ಟಿಗೆ ಬಂದು ಬಿದ್ದವು. ಮಾತಿನ ನಡುವೆ ಕಣ್ಣು ಮುಚ್ಚಿ ಗೊರಕೆ ಹೊಡೆದು, ಎದ್ದು ‘ಹೂಂ, ಆಮೇಲೆ?’ ಎನ್ನುವವರಿರುತ್ತಾರಲ್ಲ, ಥೇಟ್ ಹಾಗೆ.

ಇದಕ್ಕೆ ಕಾರಣ ಹೆಸರಿನಲ್ಲೇ ಇತ್ತು, ನಾನು ನಕ್ಕು ಮುಂದೆ ಹೋಗಿದ್ದೆ. ಫ್ಲ್ಯಾಶ್ ಎಂದರೆ ಒಂದು ಸ್ಲೇಟು. ಖಾಲಿ ಸ್ಲೇಟಿನ ಮೇಲೆ ಸಾಲು ಸಾಲಾಗಿ ಬರೆದುಕೊಂಡು ಹೋಗಬಹುದು. ಆದರೆ ಒಂದು ಸಾಲನ್ನಷ್ಟೇ ಅಳಿಸಲು ಬರುವುದಿಲ್ಲ. ಅಳಿಸುವುದಾದರೆ ಇಡೀ ಸ್ಲೇಟನ್ನು ಒರೆಸಬೇಕು. ಒಂದು ಸಾಲು ನಾಲ್ಕು ಕಿಲೋಬೈಟು ಎಂದಿಟ್ಟುಕೊಳ್ಳಿ, ಸ್ಲೇಟಿನಲ್ಲಿ ಅಂಥ ನೂರಿಪ್ಪತ್ತೆಂಟೋ ಇನ್ನೂ ಹೆಚ್ಚೋ ಸಾಲುಗಳು. ನಡುವಿನ ಒಂದು ಸಾಲಿನಲ್ಲಿ ಕೊಂಬು ತಪ್ಪಿದೆ. ತಿದ್ದಲು ಏನು ಮಾಡಬೇಕು? ಇನ್ನೊಂದು ಖಾಲಿ ಸ್ಲೇಟು ತಂದು, ಉಳಿದ ಸಾಲುಗಳನ್ನೆಲ್ಲ ಹಾಗೇ ನಕಲು ಮಾಡಿ, ತಪ್ಪಿದ ಸಾಲನ್ನು ತಿದ್ದಿ ಬರೆದು, ಹಳೆಯ ಸ್ಲೇಟನ್ನು ಒರೆಸಿ ಒಣಗಲಿಡಬೇಕು. ಒಂದು ಕೊಂಬಿಗೆ ಇಷ್ಟು ಪಾಡು.

ಫೋಟೋಕ್ಕೆ ಈ ಪಾಡಿಲ್ಲ. ಫೋಟೋ ಎಂದರೆ ಮೇಲಿನಿಂದ ಕೆಳಗೆ ಒಂದೇ ಉಸಿರಿಗೆ ಸ್ಲೇಟುಗಟ್ಟಲೆ ಬರೆದು ಮುಗಿಸುವ ಸಂಗತಿ. ಕಾರ್ಡಿನ ಮೇಲೆ ಅಚ್ಚು ಹಾಕುವ ಕ್ಲಾಸ್ ೪, ಕ್ಲಾಸ್ ೧೦ ಎಂಬ ಅಂಕೆಗಳೂ ಹೀಗೆ ಸಲೀಸಾಗಿ ಬರೆದುಕೊಂಡು ಹೋಗುವಾಗಿನ ವೇಗದವೇ: ಸೆಕೆಂಡಿಗೆ ಕಡಿಮೆಯೆಂದರೆ ನಾಲ್ಕು ಎಂಬಿ, ಹತ್ತು ಎಂಬಿ. ವಿಂಡೋಸು ಹಾಗೆ ಬರೆಯುವ ಪ್ರಾಣಿಯಲ್ಲ. ಅದು ಚೀಟಿ ಬರೆಯುವ ಗುಮಾಸ್ತ. ಇಲ್ಲೊಂದು ಸಾಲು, ಅಲ್ಲೊಂದು ಸಾಲು, ರಿಜಿಸ್ಟ್ರಿಯಲ್ಲೊಂದು ಗುರುತು, ಲಾಗಿನಲ್ಲೊಂದು ಷರಾ. ಅಷ್ಟೇ ಅಲ್ಲ, ನೀವು ಒಂದು ಕಡತವನ್ನು ಬರೀ ತೆರೆದು ಓದಿದರೂ ‘ಇಷ್ಟು ಗಂಟೆಗೆ ಓದಿದರು’ ಎಂದು ಆಗಿನ ಎಕ್ಸ್‌ಪಿ ಬರೆದಿಡುತ್ತಿತ್ತು! ನಮ್ಮ ತಾಲ್ಲೂಕು ಗ್ರಂಥಾಲಯದ ಬಾಗಿಲಲ್ಲಿ ಬಿಚ್ಚಿಟ್ಟ ಸಹಿಪುಸ್ತಕದ ಹಾಗೆ. ಅಳೆದು ನೋಡಿದೆ. ಅಂಥ ಚಿಲ್ಲರೆ ಬರಹದಲ್ಲಿ ಗೆಳೆಯನ ಕಾರ್ಡು ಸೆಕೆಂಡಿಗೆ ಹನ್ನೊಂದು ಸಾಲು ಬರೆಯುತ್ತಿತ್ತು. ಹನ್ನೊಂದು! ಕೆಮ್ಮುವ ಅಜ್ಜನೇ ವಾಸಿ.

ನಿಜವಾದ ಎಸ್‌ಎಸ್‌ಡಿಯಲ್ಲೂ ಸ್ಲೇಟು ಇಂಥದೇ. ವ್ಯತ್ಯಾಸವಿರುವುದು ಶಾನುಭೋಗರಲ್ಲಿ. ಪ್ರತಿ ಕಾರ್ಡಿನೊಳಗೂ ಯಾವ ಸಾಲು ಯಾವ ಸ್ಲೇಟಿನಲ್ಲಿದೆ, ಯಾವ ಸ್ಲೇಟು ಎಷ್ಟು ಸವೆದಿದೆ ಎಂದು ಲೆಕ್ಕ ಇಡುವ ಪುಟ್ಟ ಪ್ರೊಸೆಸರು ಒಂದು ಇರುತ್ತದೆ. ಕಾರ್ಡಿನ ಶಾನುಭೋಗರು ಬಡವರು. ಒಂದೆರಡು ಕಡತ ಬಿಚ್ಚಿಟ್ಟುಕೊಳ್ಳುವಷ್ಟು ಮಾತ್ರ ಅವರ ಮೇಜು. ಮೂರನೆಯದು ಬಂದರೆ ಮೊದಲನೆಯದನ್ನು ಕಟ್ಟಿ ಒಳಗಿಟ್ಟು ಬರಬೇಕು. ಎಸ್‌ಎಸ್‌ಡಿಯ ಶಾನುಭೋಗರಿಗೆ ದೊಡ್ಡ ಮೇಜು, ಹತ್ತಾಳು, ಒಣಗಿಸಿಟ್ಟ ಖಾಲಿ ಸ್ಲೇಟುಗಳ ರಾಶಿ. ನಾವು ದುಡ್ಡು ಕೊಡುವುದು ಸ್ಲೇಟಿಗಲ್ಲ, ಈ ಆಡಳಿತಕ್ಕೆ. ಮುಂದೆ ೨೦೧೬ರಲ್ಲಿ ಕಾರ್ಡಿನವರಿಗೂ ಇದು ಹೊಳೆದು, ಸೆಕೆಂಡಿಗೆ ಕನಿಷ್ಠ ೫೦೦ ಚಿಲ್ಲರೆ ಬರಹ ಮಾಡಬಲ್ಲ ಕಾರ್ಡಿಗೆ ಎ೧ ಎಂಬ ಮುದ್ರೆ ಒತ್ತತೊಡಗಿದರು. ನನ್ನ ಪಾಲಿಗೆ ಐದು ವರ್ಷ ತಡವಾಯಿತು.

ಆಗ ಯಾರೋ ಒಂದು ಉಪಾಯ ಹೇಳಿದರು. ಬರೆಯುವುದನ್ನೆಲ್ಲ ಕಾರ್ಡಿಗೆ ಮುಟ್ಟಿಸದೆ ರ್‍ಯಾಮಿನಲ್ಲೇ ತಡೆಹಿಡಿಯುವ ಒಂದು ಸೋಸುಬಟ್ಟೆ, ಯಂತ್ರಗಳೊಳಗೆ ಕೂರಿಸಲೆಂದೇ ಮಾಡಿದ ಎಕ್ಸ್‌ಪಿ ತಳಿಯಲ್ಲಿ ಬರುವಂಥದು. ಹಾಕಿದೆ. ಗೊರಕೆ ನಿಂತಿತು. ಲ್ಯಾಪ್‌ಟಾಪು ಜಿಂಕೆಯಾಯಿತು. ಆ ಸಂತೋಷದಲ್ಲಿ ಬ್ಯಾಂಕಿಗೆ ಎರಡು ಪುಟದ ಕಾಗದವೊಂದನ್ನು ಬರೆದು, ಉಳಿಸಿ, ಆರಿಸಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಕಾಗದವಿಲ್ಲ. ಹಿಂದಿನ ದಿನ ನಡೆದದ್ದೊಂದೂ ಅದಕ್ಕೆ ನೆನಪಿಲ್ಲ. ಆರಿಸುವ ಮೊದಲು ‘ಇದನ್ನು ನಿಜವಾಗಿಯೂ ಬರೆ’ ಎಂದು ಬೇರೆ ಅಪ್ಪಣೆ ಕೊಡಬೇಕಿತ್ತಂತೆ. ದಿನಾ ಬೆಳಿಗ್ಗೆ ಮಗುವಾಗಿ ಹುಟ್ಟುವ ಯಂತ್ರವನ್ನು ಇಟ್ಟುಕೊಂಡು ಸಂಸಾರ ನಡೆಯುವುದಿಲ್ಲ ಎಂದು ಆ ದಾರಿ ಬಿಟ್ಟೆ.

ಒಂದು ಕಾರ್ಡಿನಿಂದ ಆಗದಿದ್ದರೆ ನಾಲ್ಕು. ಇದಕ್ಕೂ ಶಾಸ್ತ್ರವಿದೆ. ೧೯೮೮ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ಒಂದು ದೊಡ್ಡ ದುಬಾರಿ ಡಿಸ್ಕಿನ ಬದಲು ಹಲವು ಅಗ್ಗದ ಡಿಸ್ಕುಗಳನ್ನು ಸೇರಿಸಿ ಕೆಲಸ ಮಾಡಿಸಬಹುದೆಂದು ಬರೆದು, ಅದಕ್ಕೆ ರೇಡ್ ಎಂದು ಹೆಸರಿಟ್ಟರು. ಆ ಹೆಸರಿನೊಳಗೇ ‘ಅಗ್ಗದ’ ಎಂಬ ಮಾತಿತ್ತು. ಡಿಸ್ಕು ಮಾರುವವರಿಗೆ ಅದು ಹಿಡಿಸದೆ ಮುಂದೆ ‘ಸ್ವತಂತ್ರ’ ಎಂದು ತಿದ್ದಿಕೊಂಡರು. ಒಂದರಿಂದ ಐದರವರೆಗೆ ಅವರು ಹೇಳಿದ ಬಗೆಗಳಲ್ಲೆಲ್ಲ ಒಂದು ಡಿಸ್ಕು ಸತ್ತರೆ ಉಳಿದವು ಅದರ ಹೊರೆ ಹೊರುವ ಏರ್ಪಾಡಿತ್ತು. ನಾನು ಆರಿಸಿಕೊಂಡದ್ದು ಆಮೇಲೆ ಸೇರಿಕೊಂಡ ಸೊನ್ನೆ ನಂಬರಿನದು. ಅದರಲ್ಲಿ ಅಂಥ ಏರ್ಪಾಡು ಸೊನ್ನೆ. ಕಡತವನ್ನು ತುಂಡು ಮಾಡಿ ಮೊದಲ ತುಂಡು ಮೊದಲ ಕಾರ್ಡಿಗೆ, ಎರಡನೆಯದು ಎರಡನೆಯದಕ್ಕೆ ಹೀಗೆ ಬಡಿಸಿಕೊಂಡು ಹೋಗುವುದು. ವೇಗ ಮಾತ್ರ ಸಿಗುತ್ತದೆ.

ನನ್ನಲ್ಲಿದ್ದದ್ದು ೪ ಜಿಬಿಯ ಮೂರು ಎಸ್‌ಡಿ ಕಾರ್ಡು. ನಾಲ್ಕನೆಯದಕ್ಕೆಂದು ಒಂದು ಸುರಂಗಮಾರ್ಗದ ಮೆಟ್ಟಿಲಲ್ಲಿ ಟವೆಲು ಹಾಸಿ ಕೂತಿದ್ದವನಿಂದ ೩೨ ಜಿಬಿಯದನ್ನು ಚೌಕಾಶಿ ಮಾಡಿ ತಂದೆ. ಅಷ್ಟು ಕಡಿಮೆಗೆ ಕೊಟ್ಟನಲ್ಲಾ ಎಂದು ಅವನ ಮೇಲೆ ಮರುಕವೂ ಆಯಿತು. ಮನೆಗೆ ತಂದು ಎಚ್‌ಟು ಟೆಸ್ಟ್ ಡಬ್ಲ್ಯೂ ಎಂಬ ಪುಟ್ಟ ತಂತ್ರಾಂಶಕ್ಕೆ ಕೊಟ್ಟೆ. ಅದು ಕಾರ್ಡಿನ ತುಂಬ ಬರೆದು, ಮತ್ತೆ ಓದಿ, ಬರೆದದ್ದೇ ಬಂತೇ ಎಂದು ನೋಡುತ್ತದೆ. ಪಹಣಿಯಲ್ಲಿ ಮೂವತ್ತೆರಡು ಎಕರೆ, ಸರಪಳಿ ಹಿಡಿದು ಅಳೆದರೆ ನಾಲ್ಕು! ಒಳಗಿನ ಶಾನುಭೋಗರಿಗೇ ಲಂಚ ಕೊಟ್ಟು ಸುಳ್ಳು ಬರೆಸಿದ್ದರು. ಅಂಥ ಕಾರ್ಡು ಕೇಳಿದವರಿಗೆಲ್ಲ ಮೂವತ್ತೆರಡು ಎನ್ನುತ್ತದೆ. ನಾಲ್ಕು ತುಂಬಿದ ಮೇಲೆ ಬರೆದದ್ದು ಗಾಳಿಗೆ. ಹೆಂಡತಿಗೆ ಹೇಳಲಿಲ್ಲ. ಹೇಗಿದ್ದರೂ ನನಗೆ ಬೇಕಾಗಿದ್ದದ್ದು ನಾಲ್ಕನೆಯ ನಾಲ್ಕೇ ತಾನೇ ಎಂದು ಸಮಾಧಾನ ಮಾಡಿಕೊಂಡು, ಮೊದಲ ನಾಲ್ಕು ಎಕರೆಗೆ ಬೇಲಿ ಹಾಕಿ ಬಳಸಿದೆ.

ನಾಲ್ಕು ಕಾರ್ಡಿಗೆ ನಾಲ್ಕು ರೀಡರು, ಎಲ್ಲ ಒಂದು ಯುಎಸ್‌ಬಿ ಹಬ್ಬಿಗೆ, ಲಿನಕ್ಸಿನಲ್ಲಿ ಎಂಡಿ-ಅಡ್ಮಿನ್ ಎಂಬ ಆಜ್ಞೆ. ಆರು ಎಸ್‌ಡಿ, ಹತ್ತು ಮೈಕ್ರೋ ಎಸ್‌ಡಿ ಒಟ್ಟಿಗೆ ಹಿಡಿಯುವ ಸಿದ್ಧ ಹಲಗೆಗಳೂ ಇವೆ, ಆದರೆ ಸಿದ್ಧ ಉಡುಪು ಕೊಳ್ಳುವವನು ಕೌದಿ ಯಾಕೆ ಹೊಲಿಯುತ್ತಾನೆ? ಎಲ್ಲವನ್ನೂ ಒಂದು ರಟ್ಟಿಗೆ ರಬ್ಬರ್ ಬ್ಯಾಂಡಿನಲ್ಲಿ ಬಿಗಿದೆ. ನಾಲ್ಕು ಕೆಂಪು ದೀಪ ಸಾಲಾಗಿ, ಒಂದಾದ ಮೇಲೊಂದು ಮಿನುಗಿದಾಗ ದೀಪಾವಳಿ. ಒಂದು ಕಾರ್ಡು ಓದುತ್ತಿದ್ದದ್ದು ಸೆಕೆಂಡಿಗೆ ಹನ್ನೆರಡು ಎಂಬಿ. ನಾಲ್ಕು ಸೇರಿ ನಲವತ್ತೆಂಟು ಬರಬೇಕು. ಬಂದದ್ದು ಮೂವತ್ತು. ನಾಲ್ಕು ನಲ್ಲಿ ಇಟ್ಟರೂ ಬೀದಿಯಿಂದ ಬರುವ ಪೈಪು ಒಂದೇ. ಯುಎಸ್‌ಬಿ ೨.೦ ಎಂಬ ಪೈಪಿನಲ್ಲಿ ಅದಕ್ಕಿಂತ ಹೆಚ್ಚೇನೂ ಹರಿಯದು. ಚಿಲ್ಲರೆ ಬರಹದ ಗೊರಕೆಯಂತೂ ಹಾಗೇ ಇತ್ತು, ಈಗ ನಾಲ್ಕು ಮೂಗಿನಿಂದ.

“ಇದು ನಿಮ್ಮ ಕೌದಿ ಹಾಗೇ ಅತ್ತೆ” ಎಂದು ತೋರಿಸಿದೆ. ಅತ್ತೆ ಸೂಜಿ ನಿಲ್ಲಿಸಿ ಕೇಳಿದರು: “ಇದರಾಗ ಒಂದು ಚೂರು ಹರದ್ರ?”

ಲೆಕ್ಕ ಹೇಳಿದೆ. ಒಂದು ಕಾರ್ಡು ವರ್ಷದಲ್ಲಿ ಸಾಯುವ ಸಾಧ್ಯತೆ ನೂರಕ್ಕೆ ಐದು ಎಂದಿಟ್ಟುಕೊಂಡರೆ, ನಾಲ್ಕು ಸೇರಿಸಿದ ಡಿಸ್ಕು ಸಾಯುವುದು ನೂರಕ್ಕೆ ಹದಿನೆಂಟೂವರೆ. ಹತ್ತು ಸೇರಿಸಿದರೆ ನಲವತ್ತು. ಯಾಕೆಂದರೆ ಒಂದು ಹೋದರೆ ಪ್ರತಿ ಕಡತದಿಂದಲೂ ನಾಲ್ಕರಲ್ಲೊಂದು ತುತ್ತು ಮಾಯ, ಎಲ್ಲವೂ ಹೋದಂತೆಯೇ.

“ಒಂದು ಚೂರು ಹರದ್ರ ಇಡೀ ಕೌದಿ ಹರೀತದಂದ್ರ ಅದು ಎಂಥಾ ಕೌದಿನೋ?” ಎಂದರು ಅತ್ತೆ. “ನಮ್ಮದರಾಗ ಒಂದು ಹರದ್ರ ಅದರ ಮ್ಯಾಲೆ ಇನ್ನೊಂದು ಹಚ್ಚತೀವಿ.” ಬರ್ಕ್ಲಿಯ ಮೂವರು ಹೇಳಿದ್ದೂ ಹೆಚ್ಚು ಕಡಿಮೆ ಇದನ್ನೇ.

ಆದರೂ ಕೌದಿ ಡಿಸ್ಕು ಮೂರು ವಾರ ಬದುಕಿತು. ಅದರಲ್ಲಿ ಹಾಡು ತುಂಬಿದ್ದೆ. ಹಾಡು ಬರೀ ಓದುವ ಕೆಲಸ, ಗೊರಕೆಯಿಲ್ಲ. ಅತ್ತೆ ಹೊಲಿಯುತ್ತ ಭೀಮಸೇನ ಜೋಶಿಯವರನ್ನು ಕೇಳುತ್ತಿದ್ದರು, ನಾಲ್ಕು ದೀಪ ಮಿನುಗುತ್ತಿದ್ದವು. ಅತ್ತೆಯ ಎರಡನೆಯ ಕಣ್ಣ ಪಟ್ಟಿ ಬಿಚ್ಚಿದ ದಿನ ನಾದಿನಿ ಫೋನು ಮಾಡಿ, ಪುಟ್ಟಿಯ ನಾಮಕರಣದ ಫೋಟೋ ಕಳಿಸಿ ಎಂದಳು. ೨೦೦೮ರದ್ದು. “ಕ್ಯಾಮೆರಾ ಕಾರ್ಡಲ್ಲಿತ್ತಲ್ಲಾ, ಗುಂಡಿ ಡಬ್ಬಿಯಲ್ಲಿ ನಾನೇ ಜೋಪಾನವಾಗಿ ಇಟ್ಟಿದ್ದೆ” ಎಂದಳು ಹೆಂಡತಿ.

ಹಾಡು ನಿಲ್ಲಿಸಿದೆ. ರಬ್ಬರ್ ಬ್ಯಾಂಡ್ ಬಿಚ್ಚಿದೆ. ಮೂರು ಕಾರ್ಡುಗಳಲ್ಲಿ ಯಾವುದೆಂದು ಗೊತ್ತಿಲ್ಲ, ಒಂದನ್ನೂ ತೆರೆದು ನೋಡದೆ ಕೌದಿಗೆ ಹೊಲಿದಿದ್ದೆ. ಆದರೆ ಹೊಸದಾಗಿ ಬರೆಯದ ಜಾಗದಲ್ಲಿ ಹಳೆಯದು ಹಾಗೇ ಉಳಿದಿರುತ್ತದೆ, ಒರೆಸದ ಸ್ಲೇಟಿನಲ್ಲಿ ಹಿಂದಿನ ಪಾಠವಿರುವಂತೆ. ಫೋಟೋರೆಕ್ ಎಂಬ ಉಚಿತ ತಂತ್ರಾಂಶ ಕಡತಗಳ ಹೆಸರು ಪಟ್ಟಿ ಯಾವುದನ್ನೂ ನಂಬದೆ, ಕಾರ್ಡನ್ನು ತುದಿಯಿಂದ ತುದಿಗೆ ಬಾಚಿ, ಫೋಟೋ ಶುರುವಾಗುವ ಗುರುತು ಕಂಡಲ್ಲೆಲ್ಲ ಎತ್ತಿಡುತ್ತದೆ. ರಾತ್ರಿಯೆಲ್ಲ ಓಡಿಸಿದೆ. ಎರಡನೆಯ ಕಾರ್ಡಿನಲ್ಲಿ ಸಿಕ್ಕಿತು. ಹೆಸರೆಲ್ಲ ಹೋಗಿ ಕೈದಿಗಳಂತೆ ನಂಬರು ಹೊತ್ತ ಫೋಟೋಗಳು. ಪುಟ್ಟಿಯ ಹನ್ನೊಂದು ಪೂರ್ತಿ ಇದ್ದವು. ತೊಟ್ಟಿಲ ಮುಂದಿನವು, ಎಂದರೆ ಎಲ್ಲರೂ ಕೇಳಿದವು, ಹಾಡಿನಡಿ ಹೂತುಹೋಗಿದ್ದವು. ಒಂದೇ ಒಂದು ಉಳಿದಿತ್ತು, ಅದೂ ಅರ್ಧ.

ಬೆಳಿಗ್ಗೆ ಅತ್ತೆಯನ್ನು ಕರೆದು ಪರದೆಯ ಮುಂದೆ ಕೂರಿಸಿದೆ. ಮೇಲರ್ಧದಲ್ಲಿ ಮಲ್ಲಿಗೆ ಸುತ್ತಿದ ತೊಟ್ಟಿಲ ಹಗ್ಗ, ಬಗ್ಗಿ ಹೆಸರು ಉಸುರುತ್ತಿರುವ ಅತ್ತೆಯ ಮುಖ, ಹಸಿರು ಇಳಕಲ್ ಸೀರೆಯ ಹೆಗಲು. ಅಲ್ಲಿಂದ ಕೆಳಗೆ ಗೆರೆ ಎಳೆದಂತೆ ಬೂದು. ಅತ್ತೆ ಬೂದಿಗೆ ಹೆಸರಿಡುತ್ತಿದ್ದಂತೆ ಕಾಣುತ್ತಿತ್ತು. ನಾನು ಏನೆಂದು ಹೇಳಲಿ ಎಂದು ತಡವರಿಸುತ್ತಿದ್ದೆ.

ಅತ್ತೆ ಎರಡೂ ಹೊಸ ಕಣ್ಣುಗಳಿಂದ ಬಹಳ ಹೊತ್ತು ನೋಡಿದರು. ಆಮೇಲೆ ಮಡಿಲಲ್ಲಿದ್ದ ಕೌದಿಯ ಅಂಚು ಹುಡುಕಿ, ಹಸಿರು ಚೌಕವೊಂದನ್ನು ಎತ್ತಿ, ಪರದೆಯ ಬೂದು ಭಾಗಕ್ಕೆ ಅಡ್ಡ ಹಿಡಿದರು. “ಉಳಿದದ್ದು ಇಲ್ಲಿ ಅದ ನೋಡು” ಎಂದರು.